ಟಣ್ ಅನ್ನದ ಜಾಗ

27 ಅಕ್ಟೋಬರ್ 2024, ಭಾನುವಾರ ರಾತ್ರಿ
ಬನಶಂಕರಿ, ಬೆಂಗಳೂರು

ಇವತ್ತೂ ಸೈಕಲ್ ತುಳಿಯಲಿಲ್ಲ. ಹಿಂದಿನ ಚಕ್ರ ಹಾಲ್‌ನಲ್ಲಿ ಗೋಡೆಗೆ ಒರಗಿ ಕೂತು ಒಂದು ವಾರ ಆಯಿತು. ಚಕ್ರದ ನಡುವಿನ ಹಬ್ ಮೇಲೆ ಆಯುಧಪೂಜೆಯ ಕುಂಕುಮ ಹಾಗೇ ಇದೆ. 11ನೇ ತಾರೀಖು ತೊಳೆದು, ಒರೆಸಿ, ಹ್ಯಾಂಡಲ್‌ಗೆ ಸೇವಂತಿಗೆ ಸಿಕ್ಕಿಸಿದ್ದೆ. ಆಗ ಕಾರ್ಬನ್ ರಿಮ್ ಮೇಲೆ ಒಂದು ಗೀರೂ ಇರಲಿಲ್ಲ.

ಹೋದ ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ಆಗಿದ್ದು. ಹಿಂದಿನ ರಾತ್ರಿ ಜೋರು ಮಳೆ. ನೀರು ತುಂಬಿದ ಗುಂಡಿ ಗುಂಡಿಯ ಹಾಗೆ ಕಾಣುವುದಿಲ್ಲ, ಒದ್ದೆ ರಸ್ತೆಯ ಹಾಗೇ ಕಾಣುತ್ತದೆ. ಕೊನೇ ಗಳಿಗೆಯಲ್ಲಿ ಹ್ಯಾಂಡಲ್ ಎತ್ತಿ ಮುಂದಿನ ಚಕ್ರ ದಾಟಿಸಿದೆ. ಹಿಂದಿನದು ನನ್ನ ಪೂರ್ತಿ ಭಾರದ ಜೊತೆ ಅಂಚಿಗೆ ಬಡಿಯಿತು. ತೆಂಗಿನಕಾಯಿ ಒಡೆದ ಸದ್ದು.

ನಾನು ಬೀಳಲಿಲ್ಲ. ಟೈರ್ ಕೂಡ ಇಳಿಯಲಿಲ್ಲ. ಹಾಗಾಗಿ ಹತ್ತು ಕಿಲೋಮೀಟರ್ ತುಳಿದುಕೊಂಡೇ ಮನೆಗೆ ಬಂದೆ. ಹಾಗೆ ಮಾಡಬಾರದಿತ್ತು. ನಿಮಗೆ ಯಾವತ್ತಾದರೂ ಈ ಸದ್ದು ಕೇಳಿಸಿದರೆ ದಯವಿಟ್ಟು ಅಲ್ಲೇ ಇಳಿದು ಆಟೋ ಹಿಡಿಯಿರಿ.

ಮನೆಗೆ ಬಂದು ನೋಡಿದರೆ ರಿಮ್ ಪಕ್ಕದಲ್ಲಿ ಬಿಳಿ ಹನಿ. ಸಣ್ಣ ತೂತು ತಾನೇ ಮುಚ್ಚಿಕೊಳ್ಳಲಿ ಅಂತ ಟ್ಯೂಬ್‌ಲೆಸ್ ಟೈರ್ ಒಳಗೆ ಹಾಕುವ ಸೀಲೆಂಟ್ ಅದು, ಹಾಲಿನ ಹಾಗಿರುತ್ತದೆ. ಟೈರ್‌ನಿಂದ ಬಂದಿದ್ದರೆ ಚಿಂತೆ ಇರಲಿಲ್ಲ. ಬರುತ್ತಿದ್ದದ್ದು ರಿಮ್ಮಿನ ಮೈಯಿಂದ. ಟೈರ್ ಬಿಚ್ಚಿದೆ. ಹೊರಗೆ ಕೂದಲೆಳೆಯಷ್ಟು ಗೆರೆ. ಒಳಗೆ ಟೈರಿನ ಅಂಚು ಕೂರುವ ಕಡೆ ಎರಡು ಇಂಚು ಬಿರುಕು, ಉಗುರು ಸಿಕ್ಕಿಕೊಳ್ಳುವಷ್ಟು.

ಮರುದಿನ ಗಾಂಧಿಬಜಾರ್ ಕಡೆಯ ನಮ್ಮ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಕಬ್ಬಿಣದ ರಿಮ್ ಕಾಲದಿಂದ ಕೈಯಲ್ಲೇ ಚಕ್ರ ಕಟ್ಟಿದವರು. ಮೊದಲು ಚಕ್ರ ತಿರುಗಿಸಿ ನೋಡಿದರು. ಒಂದಿಷ್ಟೂ ಆಡಲಿಲ್ಲ, ನೇರವಾಗಿ ತಿರುಗಿತು. ನನಗೆ ಉಸಿರು ಬಂತು. ಅವರು ಮಾತಾಡಲಿಲ್ಲ. ಡ್ರಾಯರ್‌ನಿಂದ ಐದು ರೂಪಾಯಿ ನಾಣ್ಯ ತೆಗೆದು ರಿಮ್ ಸುತ್ತ ಮೆಲ್ಲಗೆ ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ಬಿರುಕಿನ ಹತ್ತಿರ ಬಂದಾಗ ಟಪ್. ಅಲ್ಲಿಂದ ಮುಂದೆ ಬಿರುಕೇ ಕಾಣದ ಕಡೆಯೂ ಟಪ್, ಟಪ್. ಆಮೇಲೆ ಮತ್ತೆ ಟಣ್.

ಸಂತೆಯಲ್ಲಿ ಅಮ್ಮ ಮಡಕೆ ಕೊಳ್ಳುವಾಗ ಹೀಗೇ ಬೆರಳಲ್ಲಿ ಬಡಿದು ಕಿವಿ ಕೊಡುತ್ತಿದ್ದಳು. ಕಣ್ಣಿಗೆ ಚೆನ್ನಾಗಿ ಕಂಡ ಮಡಕೆಯನ್ನೂ ಸದ್ದು ಕೇಳಿ ವಾಪಸ್ ಇಡುತ್ತಿದ್ದಳು. ಕಾರ್ಬನ್ ರಿಮ್ ಅಂದರೆ ಎಪಾಕ್ಸಿ ಅಂಟಿನಲ್ಲಿ ನೆನೆದ ಕಾರ್ಬನ್ ಎಳೆಗಳ ಹಾಳೆಯನ್ನು ಪದರದ ಮೇಲೆ ಪದರ ಇಟ್ಟು, ಅಚ್ಚಿನಲ್ಲಿ ಬಿಸಿ ಮಾಡಿ ಗಟ್ಟಿ ಮಾಡಿದ್ದು. ಏಟು ಬಿದ್ದಾಗ ಪದರಗಳು ಒಂದರಿಂದ ಒಂದು ಬಿಟ್ಟುಕೊಳ್ಳುತ್ತವೆ. ಮೇಲಿನ ಪದರ ಸರಿಯಾಗಿದ್ದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಸದ್ದು ಮಾತ್ರ ಬದಲಾಗುತ್ತದೆ. ನನ್ನ ಬಿರುಕು ಎರಡು ಇಂಚು. ಟಪ್ ಅಂದ ಜಾಗ ಒಂದು ಗೇಣು.

ಅವರು ಚಾಕ್‌ಪೀಸ್‌ನಲ್ಲಿ ಆ ಗೇಣಿನ ಎರಡೂ ಕಡೆ ಗೆರೆ ಎಳೆದು ಕೊಟ್ಟರು. ಆ ಗೆರೆಗಳನ್ನು ನೋಡಿಕೊಂಡೇ ಈ ವಾರ ಕಳೆದೆ.

ರಿಪೇರಿಯ ಆಸೆ ನನಗೆ ಜಾಸ್ತಿಯೇ ಇತ್ತು. ಗೆಳೆಯನೊಬ್ಬನ ಕಾರ್ಬನ್ ಫ್ರೇಮ್ ಬಿರುಕು ಬಿಟ್ಟಾಗ ಸುತ್ತಲೂ ಉಜ್ಜಿ ಇಳಿಜಾರು ಮಾಡಿ, ಹೊಸ ಪದರ ಕೂರಿಸಿ, ಗಾಳಿ ಎಳೆದು ಗಟ್ಟಿ ಮಾಡಿಕೊಟ್ಟಿದ್ದರು. ಅವನು ಈಗಲೂ ಅದರಲ್ಲೇ ಓಡಾಡುತ್ತಾನೆ. ಅದೇ ಕೆಲಸ ಮಾಡುವವರಿಗೆ ಬುಧವಾರ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಫ್ರೇಮ್ ತನ್ನಿ, ಮಾಡಿಕೊಡ್ತೀನಿ. ರಿಮ್ಮಿನ ಅಂಚು ಮುಟ್ಟಲ್ಲ." ಬಂದ ಕೆಲಸವನ್ನು ಬೇಡ ಅಂದವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಕಾರಣ ಬಿಡಿಸಿ ಹೇಳಿದರು. ಫ್ರೇಮಿನ ಕೊಳವೆಗೆ ಹೊರಗಿನಿಂದ ಎರಡು ಪದರ ಜಾಸ್ತಿ ಸುತ್ತಿದರೂ ತೊಂದರೆ ಇಲ್ಲ. ರಿಮ್ಮಿನ ಅಂಚಿನಲ್ಲಿ ಹಾಗೆ ಮಾಡುವ ಹಾಗಿಲ್ಲ. ನನ್ನದು 700ಸಿ ಅನ್ನುವ ಅಳತೆಯ ಚಕ್ರ, ಅದರಲ್ಲಿ ಟೈರ್ ಕೂರುವ ವ್ಯಾಸ 622 ಮಿಲಿಮೀಟರ್. ಆ ಅಳತೆ, ಆ ಆಕಾರ ಕೆಟ್ಟರೆ ಟೈರ್ ಸರಿಯಾಗಿ ಕೂರುವುದಿಲ್ಲ, ಕೂತರೂ ಓಡುವಾಗ ಕಳಚಿ ಹಾರಬಹುದು. ಒಳಗಿನ ಗಾಳಿ ಎರಡೂ ಅಂಚನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಕಡ್ಡಿಗಳು ರಿಮ್ಮನ್ನು ಒಳಗೆ ಎಳೆಯುತ್ತಲೇ ಇರುತ್ತವೆ, ಚೈನ್ ಕಡೆಯ ಒಂದೊಂದು ಕಡ್ಡಿಯಲ್ಲಿ ನೂರು ಕಿಲೋ ತೂಗು ಹಾಕಿದಷ್ಟು ಸೆಳೆತ. ಸೈಕಲ್ ನಿಲ್ಲಿಸಿಟ್ಟರೂ ರಿಮ್ಮಿಗೆ ಬಿಡುವಿಲ್ಲ. ನನ್ನದು ಡಿಸ್ಕ್ ಬ್ರೇಕ್, ಬ್ರೇಕಿನ ಬಿಸಿ ರಿಮ್ಮಿಗೆ ತಾಗಲ್ಲ ಅಲ್ವಾ ಅಂತ ಕೇಳಿದೆ. ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಆಗಿದ್ದರೆ ಇಷ್ಟು ಹೊತ್ತು ಮಾತೇ ಆಡುತ್ತಿರಲಿಲ್ಲ ಅಂದರು. ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಆ ಬಿಸಿಗೆ ಅಂಟೇ ಮೆತ್ತಗಾಗಬಹುದಂತೆ.

ಹಾಗಾಗಿ ಬದಲಾಯಿಸುವುದೇ ಉಳಿಯಿತು. ಆದರೆ ಏನನ್ನು? ಕೆಲವು ಕಂಪನಿಗಳು ಏಟು ತಿಂದ ರಿಮ್ಮಿಗೆ ಕಡಿಮೆ ಬೆಲೆಯಲ್ಲಿ ಹೊಸದು ಕೊಡುತ್ತವೆ, ಮೊದಲು ಕೊಂಡವರಿಗೆ ಮಾತ್ರ. ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಹೊಸ ಜೋಡಿ ನನ್ನ ಕೈಗೆ ಎಟುಕುವುದಿಲ್ಲ. ಅದೇ ಥರದ ಕಾರ್ಬನ್ ರಿಮ್ ಒಂದನ್ನೇ ತರಿಸಿದರೆ 22,000 ರೂಪಾಯಿ. ಅಲ್ಯೂಮಿನಿಯಂ ರಿಮ್ 5,500.

ಇವತ್ತು ಮಧ್ಯಾಹ್ನ ಊಟ ಆದಮೇಲೆ ಚಕ್ರದ ಪಕ್ಕ ಕೂತು ಪೂರ್ತಿ ಯೋಚನೆ ಮಾಡಿದೆ. ಈ ರಿಮ್ ನನಗೆ ಎಷ್ಟು ಇಷ್ಟ ಅಂತ ಹೇಳಲು ಬರುವುದಿಲ್ಲ. ಬೆಳಗಿನ ಜಾವ ದೇವನಹಳ್ಳಿ ಕಡೆ ಹಿಂದಿನಿಂದ ಗಾಳಿ ಬೀಸುವಾಗ ಅದು ಹಾಕುವ ಗುಂಯ್ ಗುಂಯ್ ಸದ್ದು ಕೇಳಲೆಂದೇ ಎದ್ದು ಹೋಗಿದ್ದೇನೆ. ಆದರೂ ಹಿಂದಿನ ಚಕ್ರಕ್ಕೆ ಅಲ್ಯೂಮಿನಿಯಂ ಅಂತ ತೀರ್ಮಾನ ಮಾಡಿದೆ. ನನ್ನ ಭಾರ ಹೆಚ್ಚು ಬೀಳುವುದು ಹಿಂದೆ. ಗುಂಡಿಯ ಏಟು ತಿನ್ನುವುದೂ ಅದೇ. ಅಲ್ಯೂಮಿನಿಯಂಗೆ ಏಟು ಬಿದ್ದರೆ ನೆಗ್ಗುತ್ತದೆ, ಆ ನೆಗ್ಗು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ನಮ್ಮ ರಸ್ತೆಗಳಲ್ಲಿ ಮಳೆಗಾಲದ ಬೆಳಿಗ್ಗೆ ನನಗೆ ಅಷ್ಟು ಧೈರ್ಯ ಬೇಕು. ಮುಂದಿನ ಕಾರ್ಬನ್ ಚಕ್ರ ಹಾಗೇ ಇರಲಿ. ಅದರ ಟೈರನ್ನೂ ಬಿಚ್ಚಿ ಸುತ್ತ ತಟ್ಟಿ ನೋಡಿದೆ, ಎರಡು ಸಲ. ಎಲ್ಲಾ ಕಡೆ ಟಣ್.

ಹಬ್ ಉಳಿಯುತ್ತದೆ. ಬೇರಿಂಗ್ ನಯವಾಗಿದೆ, ತುಳಿಯುವುದು ನಿಲ್ಲಿಸಿದಾಗ ಟಿಕಟಿಕ ಅನ್ನುವ ಫ್ರೀಹಬ್ ಸದ್ದು ಹಳೆಯ ಹಾಗೇ ಇದೆ. ಕಡ್ಡಿಗಳು ಉಳಿಯುವುದಿಲ್ಲ. ಹಳೇ ರಿಮ್ 50 ಮಿಲಿಮೀಟರ್ ಆಳದ್ದು, ಹೊಸದು ಅದರ ಅರ್ಧದಷ್ಟೂ ಇಲ್ಲ. ಹಬ್‌ನಿಂದ ರಿಮ್ ಅಷ್ಟು ದೂರ ಹೋಗುತ್ತದೆ, ಹಾಗಾಗಿ 24 ಕಡ್ಡಿಗಳೂ ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ ಉದ್ದ ಬೇಕು. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್‌ಗಳೂ ಹೊಸವು.

ಸಂಜೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಹಬ್ಬಕ್ಕೆ ಮುಂಚೆ, ಮಂಗಳವಾರ ತಂದುಕೊಡಿ, ಕಟ್ಟಿಕೊಡ್ತೀನಿ ಅಂದರು. ಒಂದು ಮಾತು ನಾನೇ ಕೇಳಿಕೊಂಡೆ. ಬಿಚ್ಚಿದ ರಿಮ್ಮನ್ನು ಅಂಗಡಿಯ ಮೂಲೆಯಲ್ಲಿ ಇಡಬೇಡಿ, ಗರಗಸದಲ್ಲಿ ಎರಡು ತುಂಡು ಮಾಡೋಣ, ನಾನೇ ಹಿಡಿದುಕೊಳ್ಳುತ್ತೇನೆ. ಹೊರಗಿನಿಂದ ನೋಡಿದರೆ ಅದು ಇನ್ನೂ ಹೊಸದರ ಹಾಗಿದೆ. ಯಾರೋ ಹುಡುಗ ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ ಖುಷಿಯಿಂದ ಟೈರ್ ಹಾಕಿಕೊಂಡು ನಂದಿ ಇಳಿಯಬಾರದು.

"ಮಾಸ್ಕ್ ತಗೊಂಡು ಬನ್ನಿ, ಆ ಧೂಳು ಒಳಗೆ ಹೋಗಬಾರದು," ಅಂದರು.