ಕೇರೆಗೆ ದಾರಿ ಬಿಟ್ಟು

ನಾಲೆ ಏರಿ ಮೇಲೆ ಮುಂದೆ ಹೋಗುತ್ತಿದ್ದ ಚಿಕ್ಕಪ್ಪ ಗಕ್ಕನೆ ನಿಂತು ಕೈ ಅಡ್ಡ ಹಿಡಿದರು. "ವಸಿ ತಡೀರಪ್ಪ, ಕ್ಯಾರೆ ಹೋಯ್ತಾ ಐತೆ."

ಆಗಸ್ಟ್ ತಿಂಗಳು. ನಾಲೆಗೆ ನೀರು ಬಿಟ್ಟಿದ್ದರು, ಗದ್ದೆಗಳಲ್ಲಿ ನಾಟಿ ನಡೆದಿತ್ತು. ಬೆಳಿಗ್ಗೆ ಮೈಸೂರು ಬಿಟ್ಟು, ಕರಿಘಟ್ಟ ಹತ್ತಿ, ಲೋಕಪಾವನಿ ಕಾವೇರಿಗೆ ಸೇರುವ ಕಡೆಯನ್ನೆಲ್ಲ ಮೇಲಿಂದ ನೋಡಿ, ಪಾಂಡವಪುರದ ಹತ್ತಿರದ ಚಿಕ್ಕಪ್ಪನ ಊರು ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಜೊತೆಗೆ ಬಂದಿದ್ದ ಗೆಳೆಯ ಬೆಂಗಳೂರಿನವನು. ಮೃಗಾಲಯದ ಗಾಜಿನಾಚೆ ಬಿಟ್ಟರೆ ಹಾವನ್ನು ಬೇರೆಲ್ಲೂ ಕಂಡವನಲ್ಲ.

ಕೇರೆಗೆ ನಮ್ಮ ಬಗ್ಗೆ ಯಾವ ಆತುರವೂ ಇದ್ದಂತೆ ಕಾಣಲಿಲ್ಲ. ಒಂದಾಳುದ್ದಕ್ಕೂ ಹೆಚ್ಚಿತ್ತು. ತಲೆ ಕಬ್ಬಿನ ಸಾಲು ಹೊಕ್ಕಿದ್ದರೂ ಬಾಲ ಇನ್ನೂ ಈಚೆ ಬದಿಯ ಹುಲ್ಲಲ್ಲೇ ಇತ್ತು. ಗೆಳೆಯ ನನ್ನ ತೋಳು ಹಿಡಿದು, "ನಾಗರ ಅಲ್ಲ ತಾನೆ?" ಅಂದ.

"ನಾಗ್ರ ಆಗಿದ್ರೆ ಎಡೆ ಎತ್ತಿರೋದು," ಅಂದರು ಚಿಕ್ಕಪ್ಪ.

ಇದೊಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ತನ್ನ ಪಾಡಿಗೆ ಹೋಗುತ್ತಿರುವ ನಾಗರ ಹೆಡೆ ಬಿಚ್ಚುವುದಿಲ್ಲ. ಹೆಡೆ ಕಾಣಲಿಲ್ಲ ಅಂದ ಮಾತ್ರಕ್ಕೆ ಕೇರೆ ಅನ್ನಲಾಗದು. ನಾನು ನೋಡುವುದು ಮುಖವನ್ನು. ಕೇರೆಯ ಕಣ್ಣು ದೊಡ್ಡದು, ಗುಂಡಗಿನ ಪಾಪೆ. ತುಟಿಯ ಹುರುಪೆಗಳ ನಡುವೆ ಪೆನ್ನಿನಲ್ಲಿ ಎಳೆದಂತೆ ಕಪ್ಪು ಗೆರೆಗಳು. ಮೈಯ ಹಿಂಭಾಗದಲ್ಲಿ ಕಪ್ಪು ಅಡ್ಡಪಟ್ಟೆಗಳಿರುತ್ತವೆ. ಅವತ್ತು ತಲೆ ಆಗಲೇ ಕಬ್ಬಿನೊಳಗೆ ಹೋಗಿದ್ದರಿಂದ ನನಗೆ ಸಿಕ್ಕಿದ್ದು ಆ ಪಟ್ಟೆಗಳು ಮಾತ್ರ. ಚಿಕ್ಕಪ್ಪನಿಗೆ ಅದೂ ಬೇಕಿರಲಿಲ್ಲ. ನೆರೆಮನೆಯವರನ್ನು ನಡಿಗೆಯಲ್ಲೇ ಗುರುತು ಹಿಡಿಯುವ ಹಾಗೆ ಅವರಿಗೆ ಕೇರೆ.

ಹಿಂದೆ ಇರ್ವಿನ್ ನಾಲೆ ಅನ್ನಿಸಿಕೊಂಡಿದ್ದ ಈ ವಿಶ್ವೇಶ್ವರಯ್ಯ ನಾಲೆ ಕನ್ನಂಬಾಡಿಯ ನೀರನ್ನು ಮಂಡ್ಯದ ಕಡೆಗೆ ತಂದಿತು. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಇಲಿ, ಇಲಿಯ ಹಿಂದೆ ಕೇರೆ. ಅದಕ್ಕೇ ಚಿಕ್ಕಪ್ಪ ಕೇರೆಗೆ ದಾರಿ ಬಿಡುವುದು. ಆದರೂ ಕೇರೆ ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಅನ್ನುವುದನ್ನು ಅವರು ಇವತ್ತಿಗೂ ಬಿಟ್ಟಿಲ್ಲ. ಹಾಲು ಹೀರುವಂಥ ಬಾಯಿ ಹಾವಿಗಿಲ್ಲ ಅಂದರೆ, "ನೀನ್ ಕಂಡಿದ್ಯಾ?" ಅನ್ನುತ್ತಾರೆ. ಕೇರೆಯೂ ನಾಗರವೂ ಕೂಡುತ್ತವೆ ಅನ್ನುವುದೂ ಅಂಥದ್ದೇ. ಎರಡು ಹಾವು ಹೆಣೆದುಕೊಂಡು ಎದ್ದು ನಿಂತಿದ್ದು ಕಂಡರೆ ಬಹಳ ಸಲ ಅದು ಎರಡು ಗಂಡು ಕೇರೆಗಳ ಕುಸ್ತಿ. ಗರಡಿಮನೆಯಲ್ಲಿ ಆಗುವಂತೆ ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತಿದರೆ ಮುಗಿಯಿತು.

ಸಾಯಂಕಾಲ ಚಿಕ್ಕಪ್ಪನ ಮಗ ಗದ್ದೆ ಕಾಲುವೆಗೆ ಕಟ್ಟಿದ್ದ ಮೀನಿನ ಬಲೆ ಎತ್ತಲು ಹೋದ, ನಾವೂ ಹಿಂದೆ ಹೋದೆವು. ಬಲೆಯಲ್ಲಿ ನಾಲ್ಕು ಮೀನು, ಒಂದು ನೀರೊಳ್ಳೆ. ಹಳದಿ ಮಿಶ್ರಿತ ಮೈ ಮೇಲೆ ಚದುರಂಗದ ಹಾಸಿನಂತೆ ಕಪ್ಪು ಚೌಕಗಳು. ಕಣ್ಣಿನ ಕೆಳಗೊಂದು, ಹಿಂದೊಂದು ಓರೆಯಾದ ಕಪ್ಪು ಗೆರೆ, ಕಾಡಿಗೆ ಒರೆಸಿಕೊಂಡು ಅತ್ತವರ ಹಾಗೆ. ಈ ಗೆರೆ ಕಂಡರೆ ನನಗೆ ನೀರೊಳ್ಳೆಯ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಹೆಸರಿಗೆ ಒಳ್ಳೆ, ಸಿಡುಕು ಮಾತ್ರ ಹೇಳತೀರದು. ಕತ್ತು ಚಪ್ಪಟೆ ಮಾಡಿ ಪುಟ್ಟ ಹೆಡೆಯಂತೆ ಅಗಲಿಸಿತು. ಇದನ್ನು ನಾಗರದ ಮರಿ ಅಂತ ಹೊಡೆದು ಹಾಕುವವರೂ ಇದ್ದಾರೆ. ಚಿಕ್ಕಪ್ಪನ ಮಗ ಕತ್ತರಿಯಿಂದ ನೂಲು ಒಂದೊಂದೇ ಬಿಡಿಸುವಾಗ ಹೆಬ್ಬೆರಳಿಗೆ ಕಚ್ಚಿಯೇಬಿಟ್ಟಿತು. ಸೂಜಿಯಲ್ಲಿ ಚುಚ್ಚಿದಂತೆ ಸಾಲಾಗಿ ರಕ್ತದ ಚುಕ್ಕೆಗಳು. ಗೆಳೆಯನ ಮುಖದಲ್ಲಿ ರಕ್ತವೇ ಇರಲಿಲ್ಲ. ಕಚ್ಚಿಸಿಕೊಂಡವನು ಬೆರಳನ್ನು ಸೋಪು ಹಾಕಿ ತೊಳೆದು ಮೀನಿನ ಲೆಕ್ಕಕ್ಕೆ ಕೂತ. ವಿಷವಿಲ್ಲ, ನಿಜ. ಆದರೂ ಬಿಡಿಸಲು ಬರಿಗೈ ಹಾಕಿದ್ದು ದಡ್ಡತನವೇ. ಅವನ ಅಪ್ಪನೂ ಅದನ್ನೇ ಇನ್ನೂ ಖಾರವಾದ ಮಾತಿನಲ್ಲಿ ಹೇಳಿದರು.

ಟೀ ಅಂಗಡಿಯಲ್ಲಿ ಒಬ್ಬರು ನಮ್ಮ ಕ್ಯಾಮೆರಾ ನೋಡಿ ಮೆಲ್ಲಗೆ, "ಎರಡು ತಲೆ ಹಾವು ಹುಡುಕ್ತಾ ಇದೀರಾ?" ಅಂದರು. ಮಣ್ಣುಮುಕ್ಕ ಹಾವಿನ ಮೊಂಡು ಬಾಲ ಇನ್ನೊಂದು ತಲೆಯಂತೆ ಕಾಣುವುದೇ ಅದರ ಪಾಲಿಗೆ ಶಾಪವಾಗಿದೆ. ಮನೆಯಲ್ಲಿಟ್ಟರೆ ಅದೃಷ್ಟ ಅಂತ ನಂಬಿಸಿ ಮಾರುವ ದಂಧೆಯಲ್ಲಿ ಈ ಸಾಧು ಹಾವು ಚೀಲದೊಳಗೆ ಊರೂರು ತಿರುಗುತ್ತದೆ. ನಾವು ಟೀ ಮುಗಿಸಿ ಎದ್ದೆವು.

ರಾತ್ರಿ ಒಂಬತ್ತರ ಮೇಲೆ ಬಚ್ಚಲಿನಿಂದ ಚಿಕ್ಕಮ್ಮನ ಕೂಗು. ನೀರೊಲೆಯ ಪಕ್ಕದ ಗೋಡೆ ಮೇಲೆ ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡ ಹಾವು, ಕಂದು ಮೈಗೆ ಬಿಳಿ ಪಟ್ಟೆ. ಹಗಲಿಡೀ ಹಾವುಗಳ ಜೊತೆ ನೆಂಟಸ್ತನವಿಟ್ಟುಕೊಂಡಿದ್ದ ಚಿಕ್ಕಪ್ಪನೇ ಈಗ ದೊಣ್ಣೆ ಹುಡುಕತೊಡಗಿದರು. "ಕಟ್ಟಾವು ಕಣ್ಲಾ ಅದು!"

ಅವರ ಭಯಕ್ಕೆ ಅರ್ಥವಿತ್ತು. ಕಟ್ಟುಹಾವು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ನೋವೇ ಆಗುವುದಿಲ್ಲ. ತೋಳಹಾವು ನೋಡಲು ಅದರಂತೆಯೇ ಇದ್ದರೂ ವಿಷವಿಲ್ಲದ್ದು, ಹಲ್ಲಿ ಹಿಡಿಯಲು ಗೋಡೆ ಹತ್ತುತ್ತದೆ. ತೋಳಹಾವಿನ ಪಟ್ಟೆ ಕತ್ತಿನ ಹತ್ತಿರ ಢಾಳಾಗಿದ್ದು ಬಾಲದ ಕಡೆ ಮಾಸುತ್ತಾ ಹೋಗುತ್ತದೆ. ಕಟ್ಟುಹಾವಿನದು ಸಾಮಾನ್ಯವಾಗಿ ತಿರುಗುಮುರುಗು: ಕತ್ತಿನ ಕಡೆ ಅಸ್ಪಷ್ಟ, ಹಿಂದಕ್ಕೆ ಹೋದಂತೆ ಸ್ಪಷ್ಟ, ಹೆಚ್ಚಾಗಿ ಎರಡೆರಡು ಗೆರೆ ಜೋಡಿಯಾಗಿ. ಜೊತೆಗೆ ಬೆನ್ನಿನ ನಡುವೆ ಆರು ಮೂಲೆಯ ದೊಡ್ಡ ಹುರುಪೆಗಳ ಸಾಲು. ಆದರೆ ಕಟ್ಟುಹಾವಿನ ಮರಿಗೆ ಮುಂದೆಯೂ ಪಟ್ಟೆ ಇರಬಹುದು. ಮಿಣುಕು ಬಲ್ಬಿನ ಬೆಳಕಲ್ಲಿ ನನ್ನ ಓದೆಲ್ಲ ಒಂದು ಕ್ಷಣ ಕೈಕೊಟ್ಟಿತು.

ಬಾಗಿಲಾಚೆ ನಿಂತೇ ಫೋಟೊ ತೆಗೆದು ಹಿಗ್ಗಿಸಿ ನೋಡಿದೆವು. ಕತ್ತಿಗೆ ಅಗಲವಾದ ಬಿಳಿ ಪಟ್ಟೆ, ಬಾಲ ಬರೀ ಕಂದು, ಬೆನ್ನಿನ ಹುರುಪೆಗಳೆಲ್ಲ ಒಂದೇ ಅಳತೆ. ತೋಳಹಾವು. ಅಷ್ಟರಲ್ಲಿ ಅದು ಸೂರಿನ ಸಂದಿಗೆ ನುಸುಳಿಕೊಂಡಿತ್ತು. ಚಿಕ್ಕಪ್ಪ ಫೋಟೊವನ್ನು ಬಹಳ ಹೊತ್ತು ನೋಡಿ ದೊಣ್ಣೆ ಮೂಲೆಗಿಟ್ಟರು.

ಚಿಕ್ಕಮ್ಮ ಮಾತ್ರ ಹಾಸಿದ್ದ ಚಾಪೆ ಸುತ್ತಿಟ್ಟರು. "ಅದು ತ್ವಾಳನೋ ನರಿಯೋ, ಯಾರೂ ಕೆಳೀಕ್ ಮಲಗ್ಬ್ಯಾಡಿ."

ಎರಡು ಮಂಚ, ಐದು ಜನ. ಗೆಳೆಯ ಬೆಳಗಿನವರೆಗೂ ಸೂರು ನೋಡುತ್ತಿದ್ದ.