ಆಳಂದದ ಬಾವಿಯ ಕೆಂಪು ಹರಳು

ಕಲಬುರಗಿ, 14 ಡಿಸೆಂಬರ್ 2023, ಗುರುವಾರ

ನಿನ್ನೆ ಸಂಜೆ ಆರು ಗಂಟೆಗೆ ಪ್ರಯೋಗಾಲಯದ ಮಫಲ್ ಕುಲುಮೆಯಲ್ಲಿ (ಮುಚ್ಚಿದ ವಿದ್ಯುತ್ ಒಲೆಯಲ್ಲಿ) 450 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಇಟ್ಟು ಹೋಗಿದ್ದ ಕೆಂಪು ಹರಳಿನ ಪುಡಿಯನ್ನು ಇಂದು ಬೆಳಿಗ್ಗೆ ಒಂಬತ್ತಕ್ಕೆ ಹೊರಗೆ ತೆಗೆದೆವು. ರಾತ್ರಿ ಕರೆಂಟು ಹೋದರೆ ಪರೀಕ್ಷೆಯೇ ಕೆಟ್ಟೀತೆಂಬ ಆತಂಕದಿಂದ ಕಾವಲುಗಾರನಿಗೆ ಎರಡು ಸಲ ಫೋನ್ ಮಾಡಿ, ಕುಲುಮೆಯ ಕೆಂಪು ದೀಪ ಉರಿಯುತ್ತಿದೆಯೇ ಎಂದು ಕೇಳಿದ್ದೆ. ಎರಡನೆಯ ಸಲ ಆತ, "ಉರಿಲಾಕತ್ತದ ರೀ ಸರ್, ನೀವು ಮಲಕೋರಿ" ಎಂದು ಫೋನ್ ಇಟ್ಟ. ಮುಚ್ಚಳ ಎತ್ತಿದಾಗ ಕ್ರೂಸಿಬಲ್ ಎಂಬ ಶಾಖ ತಡೆಯುವ ಬಟ್ಟಲಿನ ತಳದಲ್ಲಿದ್ದ ಇಟ್ಟಿಗೆ ಬಣ್ಣದ ಪುಡಿ ತುಸು ಕಂದಿತ್ತು, ಅಷ್ಟೆ. ಬರಿಗಣ್ಣಿಗೆ ಅದರಲ್ಲಿ ಏನೂ ಆದಂತೆ ಕಾಣಲಿಲ್ಲ.

ಈ ಪುಡಿಯ ಮೂಲ ಆಳಂದ ತಾಲ್ಲೂಕಿನ ಗಡಿಭಾಗದ ಒಂದು ಬಾವಿ. ನಮ್ಮ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳ ಕಾಕಾ ಕಳೆದ ಮೇ ತಿಂಗಳಲ್ಲಿ ತಮ್ಮ ಹೊಲದಲ್ಲಿ ಬಾವಿ ತೋಡಿಸಿದಾಗ, ಎರೆಮಣ್ಣು ಮುಗಿದು, ಮೊರಂ ಮುಗಿದು, ಗಟ್ಟಿ ಕರಿಕಲ್ಲು ಹತ್ತಿದ ಮೇಲೆ, ಮೈತುಂಬ ಬಿಳಿ ಚುಕ್ಕೆಗಳಿದ್ದ ಬಸಾಲ್ಟಿನ ಒಂದು ಪದರ ಸಿಕ್ಕಿತಂತೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ಸೀಮೆಯ ಮೇಲೆ ಹರಿದ ಲಾವಾ ಆರುವಾಗ ಅದರೊಳಗಿನ ಅನಿಲ ಗುಳ್ಳೆಗಳಾಗಿ ನಿಂತಿತು. ಆಮೇಲೆ ಆ ಕಲ್ಲಿನೊಳಗೆ ಇಳಿದ ನೀರು ಕ್ಯಾಲ್ಸಿಯಂ, ಸಿಲಿಕಾ, ಅಲ್ಯುಮಿನಿಯಂಗಳನ್ನು ಕರಗಿಸಿಕೊಂಡು ಬಂದು ಆ ಗುಳ್ಳೆಗಳಲ್ಲಿ ಹರಳುಗಟ್ಟಿಸಿತು. ಅವಳು ತಂದ ತುಂಡಿನ ಪೊಟರೆಯಲ್ಲಿ ಮೊದಲು ಸೆಲಡೊನೈಟ್ ಎಂಬ ಖನಿಜದ ಹಸಿರು ಲೇಪ, ಅದರ ಮೇಲೆ ತೊಗರಿ ಬೇಳೆಯ ಗಾತ್ರದ ಕೆಂಪು ಹರಳುಗಳು ಕುಳಿತಿದ್ದವು. ಹರಳು ನಡುವೆ ಅಗಲವಾಗಿ ಎರಡೂ ತುದಿಗೆ ಕಿರಿದಾಗುತ್ತಿತ್ತು. ಸೀಳಿದ ಮುಖವೊಂದು ಸಿಂಪಿಯ ಒಳಮೈಯಂತೆ ಹೊಳೆಯುತ್ತಿತ್ತು. ಚಾಕುವಿನ ಮೊನೆಗೆ ಸುಲಭವಾಗಿ ಗೀರು ಬಿದ್ದಿತು. ಸಾರ ಕಡಿಮೆ ಮಾಡಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ನೊರೆ ಬರಲಿಲ್ಲವಾದ್ದರಿಂದ ಸುಣ್ಣದ ಖನಿಜವಾದ ಕ್ಯಾಲ್ಸೈಟ್ ಅಲ್ಲವೆಂಬುದು ಅಲ್ಲಿಗೇ ತೀರ್ಮಾನವಾಯಿತು. ದಖನ್ ಬಸಾಲ್ಟನ್ನು ಸ್ವಲ್ಪ ಕಾಲ ನೋಡಿದ ಯಾರಾದರೂ ಇದನ್ನು ಝಿಯೊಲೈಟ್ ಗುಂಪಿನ, ಅಂದರೆ ಚೌಕಟ್ಟಿನ ಸಂದುಗಳಲ್ಲಿ ನೀರು ಹಿಡಿದಿರುವ ಖನಿಜಗಳ ಗುಂಪಿನ, ಹ್ಯೂಲಂಡೈಟ್ ಎನ್ನುತ್ತಾರೆ. ನಾನೂ ಹಾಗೆಯೇ ಅಂದೆ.

ಅವಳು ಒಪ್ಪಲಿಲ್ಲ. ಇದು ಹೊಸ ಖನಿಜವೆಂಬುದು ಅವಳ ವಾದ. ಹೊರಗಿನ ಪ್ರಯೋಗಾಲಯವೊಂದರಿಂದ ಬಂದ ಮೊದಲ ಮೈಕ್ರೊಪ್ರೋಬ್ ವಿಶ್ಲೇಷಣೆಯೂ (ಎಲೆಕ್ಟ್ರಾನ್ ಕಿರಣ ಬಿಟ್ಟು ಯಾವ ಧಾತು ಎಷ್ಟಿದೆಯೆಂದು ಅಳೆಯುವುದು) ಅವಳ ಕಡೆಗೇ ಇತ್ತು ಎಂಬುದನ್ನು ಇಲ್ಲಿ ಬರೆದಿಡಬೇಕು. ಅದರ ಅಂಕಿಗಳು ನಮ್ಮಲ್ಲಿದ್ದ ಯಾವ ಪುಸ್ತಕದ ಯಾವ ಖನಿಜಕ್ಕೂ ಹೊಂದಲಿಲ್ಲ. ಶೇಕಡಾವಾರು ಅಂಶಗಳ ಒಟ್ಟು ಮೊತ್ತ ನೂರಕ್ಕೆ ಬರದೆ ಒಂದು ಬಿಂದುವಿನಲ್ಲಿ ಎಂಬತ್ತಮೂರಕ್ಕೂ ಇನ್ನೊಂದರಲ್ಲಿ ತೊಂಬತ್ತರ ಹತ್ತಿರಕ್ಕೂ ನಿಂತಿತ್ತು. ಸೋಡಿಯಂ ಬಹುತೇಕ ಇರಲೇ ಇಲ್ಲ. ಹೊಸ ಖನಿಜ ಸಿಕ್ಕಿತೆಂದು ನಂಬಲು ಇಪ್ಪತ್ತೆರಡರ ವಯಸ್ಸಿಗೆ ಇಷ್ಟು ಸಾಕು. ನಿಜ ಹೇಳಬೇಕೆಂದರೆ ಎರಡು ದಿನ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಆದರೆ ಝಿಯೊಲೈಟಿನ ವಿಶ್ಲೇಷಣೆಯಲ್ಲಿ ಇದು ಹಳೆಯ ಮೋಸ. 1756ರಲ್ಲಿ ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಕ್ರಾನ್‌ಸ್ಟೆಡ್ಟ್ ಇಂಥ ಹರಳನ್ನು ಊದುಕೊಳವೆಯ ಜ್ವಾಲೆಗೆ ಹಿಡಿದಾಗ ಅದು ಕುದಿಯುವಂತೆ ಉಬ್ಬಿದ್ದರಿಂದ ಗ್ರೀಕ್ ಭಾಷೆಯಲ್ಲಿ 'ಕುದಿಯುವ ಕಲ್ಲು' ಎಂಬ ಅರ್ಥದ ಈ ಹೆಸರನ್ನಿಟ್ಟ. ಆಗ ಉಬ್ಬಿಸಿದ್ದು ಹರಳಿನ ಚೌಕಟ್ಟಿನ ಸಂದುಗಳಲ್ಲಿರುವ ನೀರು. ಮೈಕ್ರೊಪ್ರೋಬಿನ ಎಲೆಕ್ಟ್ರಾನ್ ಕಿರಣವನ್ನು ಒಂದು ಮೈಕ್ರಾನಿನಷ್ಟು (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಚಿಕ್ಕ ಬಿಂದುವಿಗೆ ಕೇಂದ್ರೀಕರಿಸಿದರೆ ಅದೇ ನೀರು ಆರಿಹೋಗುತ್ತದೆ, ಸಡಿಲವಾಗಿ ಕುಳಿತಿರುವ ಸೋಡಿಯಂ ಕಿರಣ ಬಿದ್ದ ಜಾಗದಿಂದ ಸರಿದುಬಿಡುತ್ತದೆ, ಉಳಿದ ಸಿಲಿಕಾನ್ ಇರುವುದಕ್ಕಿಂತ ಹೆಚ್ಚಾಗಿ ಲೆಕ್ಕಕ್ಕೆ ಬರುತ್ತದೆ. ಅಂದರೆ ಅಳೆಯುತ್ತ ಅಳೆಯುತ್ತಲೇ ನಾವು ಖನಿಜವನ್ನು ಬದಲಿಸುತ್ತಿರುತ್ತೇವೆ. ಎರಡನೆಯ ಸಲ ಕಿರಣವನ್ನು ಇಪ್ಪತ್ತು ಮೈಕ್ರಾನಿಗೆ ಹರಡಿಸಿ, ಸೋಡಿಯಮ್ಮನ್ನು ಮೊದಲು ಎಣಿಸುವಂತೆ ಕೇಳಿಕೊಂಡೆವು. ಈ ಬಾರಿ ಎಲ್ಲ ಬಿಂದುಗಳೂ ಎಂಬತ್ತನಾಲ್ಕರ ಆಸುಪಾಸಿನಲ್ಲೇ ನಿಂತವು. ಉಳಿದ ಹದಿನಾರು ನೀರಿನ ಪಾಲು, ಹ್ಯೂಲಂಡೈಟಿಗೆ ಅದು ಸಹಜ.

ಆ ಅಂಕಿಗಳು ನಂಬಲರ್ಹವೇ ಎಂದು ನೋಡಲು ಒಂದು ಲೆಕ್ಕವಿದೆ. ಚೌಕಟ್ಟಿನಲ್ಲಿ ಸಿಲಿಕಾನಿನ ಜಾಗಕ್ಕೆ ಅಲ್ಯುಮಿನಿಯಂ ಬಂದು ಕುಳಿತಾಗಲೆಲ್ಲ ಒಂದು ಧನ ವಿದ್ಯುದಂಶ ಕಡಿಮೆ ಬೀಳುತ್ತದೆ. ಆ ಬಾಕಿಯನ್ನು ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂಗಳು ಸೇರಿ ತೀರಿಸಬೇಕು. ಅಂಗಡಿಯ ಖಾತೆಯಂತೆ ಎರಡೂ ಬದಿ ಸರಿಹೋಗಬೇಕು. ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ವಿಶ್ಲೇಷಣೆಯನ್ನು ಪಕ್ಕಕ್ಕಿಡುವುದು ವಾಡಿಕೆ. ಮೊದಲ ಪಟ್ಟಿಯನ್ನು ಅವಳೇ ಹೀಗೆ ಪರೀಕ್ಷಿಸಿ, ಒಂದು ಬಿಂದುವೂ ಉಳಿಯಲಿಲ್ಲವೆಂದು ತಾನೇ ಅಡ್ಡಗೆರೆ ಎಳೆದಳು. ಎರಡನೆಯ ಪಟ್ಟಿಯಲ್ಲಿ ಸಿಲಿಕಾನ್ ಮತ್ತು ಅಲ್ಯುಮಿನಿಯಂಗಳ ಪ್ರಮಾಣ 3.2 ಬಂದಿತು. 1997ರಲ್ಲಿ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಸಮಿತಿ ಝಿಯೊಲೈಟುಗಳಿಗೆ ಗೊತ್ತುಮಾಡಿದ ನಿಯಮದಂತೆ, ಈ ಚೌಕಟ್ಟಿನಲ್ಲಿ ಆ ಪ್ರಮಾಣ 4ಕ್ಕಿಂತ ಕಡಿಮೆಯಿದ್ದರೆ ಹ್ಯೂಲಂಡೈಟ್, 4 ಅಥವಾ ಹೆಚ್ಚಿದ್ದರೆ ಕ್ಲಿನೊಪ್ಟಿಲೊಲೈಟ್. ಆಮೇಲೆ ಸಂದುಗಳಲ್ಲಿ ಯಾವ ಲೋಹದ ಪರಮಾಣುಗಳು ಹೆಚ್ಚಿವೆಯೋ ಅದರ ಹೆಸರು ಬಾಲಕ್ಕೆ ಸೇರುತ್ತದೆ. ನಮ್ಮದರಲ್ಲಿ ಕ್ಯಾಲ್ಸಿಯಂ ಹೆಚ್ಚು.

ಇಷ್ಟಾದರೂ ಅವಳ ಕೊನೆಯ ವಾದ ಉಳಿದಿತ್ತು: ರಾಸಾಯನಿಕ ಸಂಯೋಜನೆ ಒಂದೇ ಆಗಿದ್ದೂ ಖನಿಜ ಬೇರೆಯಾಗಬಹುದಲ್ಲವೇ, ಸರ್? ವಾದ ಸರಿಯೇ. ಪುಣೆ ಹತ್ತಿರದ ವಾಘೋಲಿಯ ಕಲ್ಲುಗಣಿಗಳಿಂದ ಜಗತ್ತಿನ ವಸ್ತುಸಂಗ್ರಹಾಲಯಗಳಿಗೆಲ್ಲ ಹೋಗಿರುವ ಕಡುನೀಲಿಯ ಕ್ಯಾವನ್ಸೈಟೂ ಅದರ ಜೊತೆಗಾರ ಪೆಂಟಗೊನೈಟೂ ಒಂದೇ ಸೂತ್ರದ ಕ್ಯಾಲ್ಸಿಯಂ ವನೇಡಿಯಂ ಸಿಲಿಕೇಟುಗಳು. ಪರಮಾಣುಗಳ ಜೋಡಣೆ ಬೇರೆಯೆಂಬ ಒಂದೇ ಕಾರಣಕ್ಕೆ, 1973ರಲ್ಲಿ ಅಮೆರಿಕದ ಒರೆಗಾನಿನ ಮಾದರಿಗಳಿಂದ ಅವನ್ನು ವಿವರಿಸಿದವರು ಎರಡು ಪ್ರಭೇದಗಳೆಂದರು. ನಮ್ಮ ದಖನ್ನಿನ ಕಲ್ಲಿನಲ್ಲಿ ಅಷ್ಟು ಸೊಗಸಾಗಿ ಸಿಗುವ ಹರಳಿಗೆ ಹೆಸರಿಟ್ಟವರು ಒರೆಗಾನಿನ ಕಲ್ಲು ನೋಡಿದವರು ಎಂಬುದು ನನಗೆ ಇಂದಿಗೂ ಸಣ್ಣದೊಂದು ಹೊಟ್ಟೆಕಿಚ್ಚಿನ ವಿಷಯ.

ಆ ವಾದಕ್ಕೆ ಉತ್ತರವಾಗಿಯೇ ನಿನ್ನೆಯ ಕುಲುಮೆ. ಹ್ಯೂಲಂಡೈಟನ್ನು ರಾತ್ರಿಯಿಡೀ 450 ಡಿಗ್ರಿಯಲ್ಲಿಟ್ಟರೆ ಅದರ ಚೌಕಟ್ಟು ಕುಸಿಯುತ್ತದೆ. ಸಿಲಿಕಾನ್ ಹೆಚ್ಚಿರುವ ಕ್ಲಿನೊಪ್ಟಿಲೊಲೈಟ್ ಅದೇ ಶಾಖಕ್ಕೆ ಜಗ್ಗುವುದಿಲ್ಲ. ಕಾಯಿಸುವ ಮೊದಲು ಎಕ್ಸ್-ರೇ ವಿವರ್ತನೆಯ ಆಲೇಖದಲ್ಲಿ (ಹರಳು ಎಕ್ಸ್-ರೇಯನ್ನು ಯಾವ ಕೋನಗಳಿಗೆ ಚದುರಿಸುತ್ತದೆಂದು ತೋರಿಸುವ ಗೆರೆಯಲ್ಲಿ) 9.9 ಡಿಗ್ರಿ ಕೋನದ ಹತ್ತಿರ ಎತ್ತರದ ಮೊದಲ ಶಿಖರವಿತ್ತು. ಅಂದರೆ ಪರಮಾಣುಗಳ ಪದರಗಳ ನಡುವೆ ಸುಮಾರು 8.9 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಅಂತರ. ಮುಂದಿನ ಶಿಖರಗಳೂ ಹ್ಯೂಲಂಡೈಟಿನ ಪಟ್ಟಿಗೆ ಒಂದೊಂದಾಗಿ ಹೊಂದಿದ್ದವು. ಇಂದು ಹನ್ನೊಂದು ಗಂಟೆಗೆ ಕಾಯಿಸಿದ ಪುಡಿಯ ಆಲೇಖ ಪರದೆಯ ಮೇಲೆ ಎಡದಿಂದ ಬಲಕ್ಕೆ ಮೂಡತೊಡಗಿದಾಗ ಇಬ್ಬರೂ ಮಾತಿಲ್ಲದೆ ನೋಡುತ್ತ ನಿಂತೆವು. ಗೆರೆ ಒಂಬತ್ತು ದಾಟಿತು, ಹತ್ತು ದಾಟಿತು, ಹನ್ನೊಂದೂ ದಾಟಿತು. ಶಿಖರ ಏಳಲೇ ಇಲ್ಲ. ಚೌಕಟ್ಟು ಕುಸಿದಿತ್ತು, ಅದು ಹ್ಯೂಲಂಡೈಟೇ. ಕಲ್ಲಿನ ಕೆಂಪು ಬಣ್ಣ ಹರಳಿನೊಳಗೆ ಸೇರಿಕೊಂಡ ಕಬ್ಬಿಣದ ಆಕ್ಸೈಡಿನ ಕಣಗಳದ್ದೆಂಬುದು ಸೂಕ್ಷ್ಮದರ್ಶಕಕ್ಕಾಗಿ ತೆಳುವಾಗಿ ಉಜ್ಜಿದ ಕಲ್ಲಿನ ತೆಳುಛೇದದಲ್ಲಿ ಮೊದಲೇ ಕಂಡಿತ್ತು.

ಮಾದರಿಯ ಡಬ್ಬಿಯ ಚೀಟಿಯಲ್ಲಿ ಅವಳು ಜೂನ್ ತಿಂಗಳಲ್ಲೇ ಪೆನ್ಸಿಲಿನಲ್ಲಿ ಒಂದು ಹೆಸರು ಬರೆದಿಟ್ಟಿದ್ದಳು. ವಾಡಿ ಎಂದು ಕೊನೆಯಾಗುವ ತನ್ನ ಊರಿನ ಹೆಸರಿನ ಬಾಲಕ್ಕೆ 'ಐಟ್' ಸೇರಿಸಿ 'ವಾಡೈಟ್'. ಖನಿಜಕ್ಕೆ ಊರಿನ ಹೆಸರಿಡಬಹುದು, ಕಂಡುಹಿಡಿದವರು ತಮ್ಮದೇ ಹೆಸರಿಡುವಂತಿಲ್ಲ. ಆದರೆ ರೋಮನ್ ಅಕ್ಷರಗಳಲ್ಲಿ ಇದಕ್ಕೆ ತೀರ ಹತ್ತಿರದ ವೇಡೈಟ್ ಎಂಬುದೊಂದು ಪಶ್ಚಿಮ ಆಸ್ಟ್ರೇಲಿಯದ ಜ್ವಾಲಾಮುಖಿ ಶಿಲೆಯಿಂದ ಎಂದೋ ಪಟ್ಟಿ ಸೇರಿದೆ, ಆದ್ದರಿಂದ ಖನಿಜ ಹೊಸದಾಗಿದ್ದರೂ ಸಮಿತಿ ಈ ಹೆಸರನ್ನು ಒಪ್ಪುತ್ತಿರಲಿಲ್ಲ ಎಂದೆ. ಅವಳು ನಕ್ಕಳು, ರಬ್ಬರಿನಿಂದ ಒರೆಸಿ 'ಹ್ಯೂಲಂಡೈಟ್-ಕ್ಯಾಲ್ಸಿಯಂ' ಎಂದು ಪೆನ್ನಿನಲ್ಲಿ ಬರೆದಳು.

ಮಧ್ಯಾಹ್ನ ಅವಳ ಕಾಕಾನ ಫೋನ್ ಬಂದಿತು. ಹೊಸದೋ ಹಳೆಯದೋ ಅವರು ಕೇಳಲಿಲ್ಲ. "ಸರ್, ಆ ಕೆಂಪು ಕಲ್ಲಿನ ಪದರದಾಗ ನೀರು ಬರ್ತದೇನ್ರಿ? ಬ್ಯಾಸಗಿ ಮುಂಚೆ ಇನ್ನಷ್ಟು ಇಳಸಬೇಕಂತೀನಿ" ಎಂದರು. ಗುಳ್ಳೆಗಳು ತೆರೆದಿದ್ದರೆ ಆ ಪದರ ನೀರು ಹಿಡಿಯುತ್ತಿತ್ತು; ಅವರ ಬಾವಿಯಲ್ಲಿ ಹರಳುಗಳೇ ಅವನ್ನು ಮುಚ್ಚಿಬಿಟ್ಟಿರುವುದರಿಂದ ಅದನ್ನು ದಾಟಿ, ಎರಡು ಲಾವಾ ಹರಿವುಗಳು ಕೂಡುವ ಮೆತ್ತನೆಯ ಜಾಗ ಸಿಗುವವರೆಗೆ ಇಳಿಯಬೇಕಾದೀತು ಎಂದೆ. ಭಾನುವಾರ ಅವಳೊಂದಿಗೆ ಹೋಗಿ ಬಾವಿಯ ಗೋಡೆಯಲ್ಲಿ ಆ ಪದರ ಎಷ್ಟು ದಪ್ಪವಿದೆಯೆಂದು ಟೇಪು ಹಿಡಿದು ಅಳೆಯುವುದೆಂದು ನಿಶ್ಚಯವಾಗಿದೆ.