ಬೈಲಿನ ಬಾವಿಯ ನೀರು

ಮಂಗಳೂರಿಗೆ ಹೋಗಿದ್ದು ನಾಲ್ಕು ದಿನಕ್ಕೆ. ಬರೆಯಲೇಬೇಕು ಅನ್ನಿಸಿದ್ದು ಒಂದು ಲೋಟ ಚಹಾದ ಬಗ್ಗೆ.

ನವೆಂಬರಿನಲ್ಲಿ ಚಾರ್ಮಾಡಿ ಘಾಟಿ ಇಳಿದೆವು. ರಸ್ತೆ ಬದಿಯ ತೊರೆಯಲ್ಲಿ ತಳದ ಕಲ್ಲಿನ ಗೆರೆಯೂ ಕಾಣುತ್ತಿತ್ತು. ಆ ನೀರು ನೇತ್ರಾವತಿ ಸೇರಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಮಂಗಳೂರಿನಲ್ಲಿ ಕಡಲಿಗೆ ಇಳಿಯುತ್ತದೆ. ಹುಟ್ಟಿನಿಂದ ಕೊನೆಯವರೆಗೆ ನೂರು ಕಿಲೋಮೀಟರಿನ ಆಸುಪಾಸು. ಬಯಲುಸೀಮೆಯ ನನಗೆ ಇಷ್ಟು ಚಿಕ್ಕ ದಾರಿಯ ದೊಡ್ಡ ನದಿ ಹೊಸದು.

ಉಳಿದುಕೊಂಡಿದ್ದು ಗೆಳೆಯನ ಮನೆಯಲ್ಲಿ, ಗದ್ದೆಯ ಪಕ್ಕ. ಬೆಳಿಗ್ಗೆ ಬೇಗ ಎದ್ದು ಬಾವಿಯಿಂದ ನೀರು ಸೇದಿ, ಹಾಲಿಲ್ಲದ ಚಹಾ ಮಾಡಿದೆ. ಲೋಟಕ್ಕೆ ಬಗ್ಗಿಸಿದರೆ ಶಾಯಿಯಂತೆ ಕಪ್ಪು!

"ಅಯ್ಯೋ, ಆ ನೀರು ಎಂತಕ್ಕೆ ತೆಗೆದದ್ದು ಮಗಾ? ಕೊಡಪಾನದ್ದು ಉಂಟಲ್ಲ," ಎಂದರು ಗೆಳೆಯನ ಅಮ್ಮ.

ನೀರಿನ ಕಬ್ಬಿಣ ಚಹಾದ ಒಗರಿಗೆ ಸೇರಿದರೆ ಕಪ್ಪಾಗುತ್ತದೆ. ಅವರು ರಾತ್ರಿಯೇ ನೀರು ತುಂಬಿಸಿಡುತ್ತಾರೆ. ಗಾಳಿ ತಾಗಿ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳುತ್ತಾರೆ.

"ಎಲ್ಲಾ ಬಾವಿಯೂ ಹೀಗೇನಾ ಅಮ್ಮ?"

"ಇಲ್ಲಪ್ಪ. ಮೇಲೆ ಬೆಟ್ಟಿನಲ್ಲಿ ತಂಗಿಯ ಮನೆ ಉಂಟು. ಬಾವಿ ತೋಡಿದ್ದು ಮುರಕಲ್ಲಿನಲ್ಲೇ, ಆದರೆ ನೀರು ಒಳ್ಳೆ ತಿಳಿ. ಇದು ಬೈಲಲ್ವಾ!"

ಈ ಮಾತು ಇವತ್ತಿಗೂ ನನ್ನ ತಲೆಯಲ್ಲಿದೆ. ಇಲ್ಲಿ ನೆಲಕ್ಕೆ ಮೂರು ಹೆಸರು: ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು. ಜೋರು ಮಳೆ ಲಕ್ಷಾಂತರ ವರ್ಷ ಕಲ್ಲನ್ನು ತೊಳೆದು, ಕರಗುವುದನ್ನೆಲ್ಲ ಒಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿಸಿದ್ದೇ ಮುರಕಲ್ಲು. ಬೆಟ್ಟಿನಲ್ಲಿ ಗಾಳಿಯಾಡುವುದರಿಂದ ಕಬ್ಬಿಣ ಕಲ್ಲಿಗೇ ಅಂಟಿಕೊಂಡಿರುತ್ತದೆ. ಬೈಲಿನಲ್ಲಿ ನೀರು ನಿಂತು, ಸೊಪ್ಪುಸದೆ ಕೊಳೆತು, ಗಾಳಿ ಸಿಗದೆ ಅದೇ ಕಬ್ಬಿಣ ಕರಗುತ್ತದೆ. ಮ್ಯಾಂಗನೀಸ್ ಕೂಡ ಹಾಗೆಯೇ. ಕಲ್ಲು ಒಂದೇ, ನೆಲದ ಇಳಿಜಾರು ಬೇರೆ, ನೀರೇ ಬೇರೆ!

ಆಮೇಲೆ ಅಮ್ಮ ತೋಡಿನ, ಅಂದರೆ ಸಣ್ಣ ಹಳ್ಳದ, ಬಳಿಗೆ ಕರೆದುಕೊಂಡು ಹೋದರು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಯಾರೋ ಡೀಸೆಲ್ ಚೆಲ್ಲಿದ್ದಾರೆ ಅಂದುಕೊಂಡೆ. ಅವರು ತೆಂಗಿನ ಕಡ್ಡಿಯಿಂದ ಮುಟ್ಟಿದರು. ಪೊರೆ ಗಾಜಿನ ಚೂರುಗಳಂತೆ ಒಡೆದು ಹಾಗೇ ತೇಲಿತು. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಇದು ಕಬ್ಬಿಣದ ಪೊರೆ.

ಒಂದು ಮಾತು ಹೇಳಲೇಬೇಕು. ಇಂಥ ನೀರಿನಲ್ಲಿ ಬಿಳಿ ಬಟ್ಟೆ ಒಗೆಯಬೇಡಿ. ನನ್ನ ಒಳ್ಳೆಯ ಅಂಗಿ ಹಳದಿಯಾಯಿತು. ಅಂಗಡಿಯವರ ಮಾತು ಕೇಳಿ ಬ್ಲೀಚಿಂಗ್ ಪುಡಿ ಹಾಕಿದೆ, ಕಲೆ ಇನ್ನೂ ಗಟ್ಟಿಯಾಯಿತು. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಡಬೇಕಂತೆ. ಮೊದಲೇ ಅಮ್ಮನನ್ನು ಕೇಳಬೇಕಿತ್ತು.

ನಡುವೆ ಎರಡು ದಿನ ಪೇಟೆ, ದೇವಸ್ಥಾನ ಅಂತ ಕಳೆಯಿತು. ಕೊನೆಯ ಸಂಜೆ ಅಳಿವೆಗೆ ಹೋದೆವು. ನೇತ್ರಾವತಿ, ಗುರುಪುರ ಎರಡೂ ನದಿಗಳು ಅಲ್ಲೇ ಕಡಲು ಸೇರುತ್ತವೆ. ಉಪ್ಪುನೀರು ತಾಗಿದ ಕೂಡಲೇ ನದಿ ತಂದ ಕಬ್ಬಿಣದ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಕೆಳಗಿಳಿಯುತ್ತವೆ. ಇಳಿಯುವಾಗ ತಾಮ್ರ, ಸತು, ಸೀಸದಂಥ ಲೋಹಗಳನ್ನೂ ಅಷ್ಟಿಷ್ಟು ಹಿಡಿದುಕೊಂಡು ಹೋಗುತ್ತವೆ. ಘಟ್ಟದಿಂದ ಹೊರಟದ್ದು ಬಹಳಷ್ಟು ಕಡಲು ಕಾಣದೆ ಇಲ್ಲೇ ಕೂರುತ್ತದೆ.

ದಂಡೆಯ ಕೆಸರನ್ನು ಬೆರಳುಗಳ ನಡುವೆ ಉಜ್ಜಿ ನೋಡಿದೆ. ಕಪ್ಪಗೆ, ಬೆಣ್ಣೆಯಷ್ಟು ನುಣ್ಣಗಿತ್ತು. ಸ್ವಲ್ಪ ದೂರದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಒಬ್ಬರು ಅದೇ ಕೆಸರಿನಿಂದ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು.